ಮಂದ್ರದ ತಂತಿಯ ವಾದ: ಬೇಸ್ ಗಿಟಾರ್ ವಾದಕರು ಮತ್ತು ಅವರ ಅಭಿಮಾನಿಗಳು

ಬೇಸ್ ಗಿಟಾರ್ ನುಡಿಸಿದವರಲ್ಲಿ ಯಾರು ದೊಡ್ಡವರು ಎಂಬ ವಾದ ರಾಕ್, ಸೋಲ್, ಜಾಝ್ ಕೇಳುಗರ ನಡುವೆ ಹತ್ತಾರು ವರ್ಷಗಳಿಂದ ನಡೆದಿದೆ. ಆದರೂ ಅದು ವಾದ್ಯದಷ್ಟು ಹಳೆಯದಲ್ಲ. ಅಂಥ ವಾದ ಹುಟ್ಟಬೇಕಾದರೆ ರೆಕಾರ್ಡಿನಲ್ಲಿ ಬೇಸ್ ಕಿವಿಗೆ ಬೀಳಬೇಕು, ನುಡಿಸಿದವರ ಹೆಸರೂ ಗೊತ್ತಿರಬೇಕು. ಮೊದಮೊದಲು ಇವೆರಡೂ ಇರಲಿಲ್ಲ.

1940ರ ದಶಕದ ಅಮೆರಿಕದ ನೃತ್ಯವಾದ್ಯಗೋಷ್ಠಿಗಳಲ್ಲಿ ಮಂದ್ರದ ಸ್ವರಗಳನ್ನು ನುಡಿಸುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಕಹಳೆಗಳು, ಡ್ರಮ್ಸ್ ಮತ್ತು ಹೊಸದಾಗಿ ಬಂದ ವಿದ್ಯುತ್ ಗಿಟಾರಿನ ಅಬ್ಬರದಲ್ಲಿ ಅದರ ಸದ್ದು ಮುಳುಗಿಹೋಗುತ್ತಿತ್ತು. ಊರಿಂದೂರಿಗೆ ಸಾಗಿಸುವುದಂತೂ ದೊಡ್ಡ ಪಾಡು. ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಗಿಟಾರಿನಂತೆ ಹಿಡಿದು ನುಡಿಸಬಹುದಾದ ವಿದ್ಯುತ್ ಬೇಸ್ ಒಂದನ್ನು ಮಾಡಿದ್ದರು, ಆದರೆ ಕೊಳ್ಳುವವರು ಹೆಚ್ಚಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿಯಿಂದ ಈ ಉದ್ಯಮಕ್ಕೆ ಬಂದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಚಿತ್ರ ಬದಲಾಯಿತು. ನಾಲ್ಕು ತಂತಿ, 34 ಇಂಚಿನ ತಂತಿಯಳತೆ, ಗಿಟಾರಿಗಿಂತ ಒಂದು ಸ್ಥಾಯಿ ಕೆಳಗಿನ ಶ್ರುತಿ. ವೀಣೆಯ ಮೆಟ್ಟಿಲುಗಳಂಥ ಫ್ರೆಟ್‌ಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. ಲಯೊನೆಲ್ ಹ್ಯಾಂಪ್ಟನ್ ತಂಡದ ಮಂಕ್ ಮಾಂಟ್‌ಗೊಮರಿ ಅದನ್ನು ವೇದಿಕೆಗೆ ಒಯ್ದ ಮೊದಲಿಗರಲ್ಲೊಬ್ಬರು.

ರಾಕ್ ತಂಡಗಳಲ್ಲಿ ಬೇಸ್ ಬಹಳಷ್ಟು ಸಲ ಯಾರಿಗೂ ಬೇಡವಾದ ಪಾಲಾಗಿತ್ತು. 1961ರಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟು ಹ್ಯಾಂಬರ್ಗ್‌ನಲ್ಲೇ ಉಳಿದಾಗ ಆ ಹೊಣೆ ಗಿಟಾರ್ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿ ಹೆಗಲಿಗೆ ಬಿತ್ತು. ಅವರು ಕೊಂಡದ್ದು ಪಿಟೀಲಿನಾಕಾರದ ಜರ್ಮನ್ ಹಾಫ್ನರ್. ಬೆಲೆ ಕಡಿಮೆ, ಎರಡೂ ಬದಿ ಒಂದೇ ಆಕಾರವಾದ್ದರಿಂದ ಎಡಗೈಯವರಾದ ಅವರು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ.

ಕೇಳಿಸುವ ಸಮಸ್ಯೆ ಮಾತ್ರ ಹಾಗೇ ಇತ್ತು. ಮಂದ್ರಸ್ವರ ಜೋರಾದರೆ ರೆಕಾರ್ಡಿನ ಮುಳ್ಳು ಗೀರಿನಿಂದ ಜಿಗಿಯುತ್ತದೆಂಬ ಭಯದಿಂದ ಬ್ರಿಟನ್ನಿನ ಸ್ಟುಡಿಯೊಗಳ ಎಂಜಿನಿಯರುಗಳು ಬೇಸ್ ಅನ್ನು ತಗ್ಗಿಸಿಯೇ ಮುದ್ರಿಸುತ್ತಿದ್ದರು. ಅಮೆರಿಕದ ಸೋಲ್ ರೆಕಾರ್ಡುಗಳಲ್ಲಿ ಬೇಸ್ ಅಷ್ಟು ತುಂಬಿ ಬರುವಾಗ ತಮ್ಮದರಲ್ಲಿ ಏಕಿಲ್ಲ ಎಂಬುದು ಬೀಟಲ್ಸ್ ತಕರಾರು. 1966ರಲ್ಲಿ 'ಪೇಪರ್‌ಬ್ಯಾಕ್ ರೈಟರ್' ಮುದ್ರಿಸುವಾಗ ಎಂಜಿನಿಯರ್ ಜೆಫ್ ಎಮೆರಿಕ್ ಒಂದು ಧ್ವನಿವರ್ಧಕವನ್ನೇ ಮೈಕಿನಂತೆ ಬಳಸಿ ಮೆಕಾರ್ಟ್ನಿಯವರ ಬೇಸನ್ನು ಹಿಡಿದರು. ಸಣ್ಣ ಉಪಾಯ, ಆದರೆ ಬ್ರಿಟಿಷ್ ಕೇಳುಗರಿಗೆ ಬೇಸ್ ಎಂಬುದು ಪ್ರತ್ಯೇಕವಾಗಿ ಕೇಳಬಹುದಾದ ದನಿಯಾದದ್ದರಲ್ಲಿ ಅದರ ಪಾಲು ದೊಡ್ಡದು.

ಬೀಟಲ್ಸ್ ಅಸೂಯೆಪಟ್ಟ ಅಮೆರಿಕನ್ ರೆಕಾರ್ಡುಗಳಲ್ಲಿ ಹಲವು ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವು. ಅವುಗಳಲ್ಲಿ ಬೇಸ್ ನುಡಿಸುತ್ತಿದ್ದವರು ಜೇಮ್ಸ್ ಜೇಮರ್ಸನ್, 1936ರಲ್ಲಿ ಸೌತ್ ಕೆರೊಲಿನಾದಲ್ಲಿ ಹುಟ್ಟಿದವರು. ಡಬಲ್ ಬೇಸ್‌ನಲ್ಲಿ ಪಳಗಿ ಬಂದ ಅವರು ವಿದ್ಯುತ್ ಬೇಸನ್ನೂ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ತಂತಿ ಬದಲಿಸುವುದು ಅವರಿಗೆ ಒಗ್ಗದ ಮಾತು. ಅವರಿಗಿಂತ ಮುಂಚಿನವರು ಹೆಚ್ಚಾಗಿ ಷಡ್ಜ-ಪಂಚಮಗಳ ನಡುವೆ ಹೆಜ್ಜೆ ಹಾಕಿಕೊಂಡಿದ್ದರೆ, ಜೇಮರ್ಸನ್ ಹಾಡಿನ ಕೆಳಗೆ ಮತ್ತೊಂದು ಹಾಡನ್ನೇ ಕಟ್ಟಿದರು. ಆ ಹಾಡುಗಳಿಗೆ ಲಕ್ಷಾಂತರ ಜನ ಕುಣಿದರೂ ಅವರ ಹೆಸರು ಯಾರಿಗೂ ತಿಳಿದಿರಲಿಲ್ಲ, ಏಕೆಂದರೆ ಸ್ಟುಡಿಯೊ ವಾದಕರ ಹೆಸರನ್ನು ಮೋಟೌನ್ ಮುದ್ರಿಸುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಹೊದಿಕೆಯ ಮೇಲೆ ಅವರ ಹೆಸರು ಬರುವ ಹೊತ್ತಿಗೆ ಡೆಟ್ರಾಯಿಟ್‌ನ ಒಳ್ಳೆಯ ದಿನಗಳು ಮುಗಿಯುತ್ತ ಬಂದಿದ್ದವು. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. 1983ರಲ್ಲಿ ಮೋಟೌನ್‌ನ 25ನೇ ವರ್ಷದ ವೈಭವದ ಕಾರ್ಯಕ್ರಮವನ್ನು ಅವರು ಬಾಲ್ಕನಿಯಲ್ಲಿ ಕುಳಿತು ನೋಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲನ್ ಸ್ಲಟ್‌ಸ್ಕಿ 1989ರಲ್ಲಿ ಅವರ ಬಗ್ಗೆ ಪುಸ್ತಕ ಬರೆದ ಮೇಲೆ, 2002ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ಬಂದ ಮೇಲೆ ಸಾಮಾನ್ಯ ಕೇಳುಗರಿಗೂ ಜೇಮರ್ಸನ್ ಯಾರೆಂದು ತಿಳಿಯಿತು.

ಹೆಸರು ಮುದ್ರಿಸದ ಪದ್ಧತಿಯಿಂದ ಮತ್ತೊಂದು ಜಗಳವೂ ಹುಟ್ಟಿತು. ಲಾಸ್ ಏಂಜಲೀಸ್ ಸ್ಟುಡಿಯೊಗಳಲ್ಲಿ ಪ್ಲೆಕ್ಟ್ರಮ್ ಹಿಡಿದು ಬೇಸ್ ನುಡಿಸುತ್ತಿದ್ದ, ಬೀಚ್ ಬಾಯ್ಸ್ ಅವರ 'ಪೆಟ್ ಸೌಂಡ್ಸ್' ಮುದ್ರಣಗಳಲ್ಲೂ ಇದ್ದ ಕ್ಯಾರಲ್ ಕೇ, ಮೋಟೌನ್‌ನ ಕೆಲವು ಜನಪ್ರಿಯ ಹಾಡುಗಳಲ್ಲಿ ನುಡಿಸಿದ್ದು ತಾವೇ ಎಂದರು. ಸ್ಲಟ್‌ಸ್ಕಿ ಮತ್ತು ಡೆಟ್ರಾಯಿಟ್‌ನವರು ಅದನ್ನು ಒಪ್ಪಲಿಲ್ಲ. ಕೇ, ಜೇಮರ್ಸನ್ ಇಬ್ಬರ ಅಭಿಮಾನಿಗಳೂ ಬೆರಳಿನ ಸದ್ದು, ಪ್ಲೆಕ್ಟ್ರಮ್‌ನ ಸದ್ದು ಬೇರ್ಪಡಿಸಿ ಸಾಕ್ಷ್ಯ ಹುಡುಕುತ್ತ ಬಂದಿದ್ದಾರೆ. ಬೇಸನ್ನು ಇಷ್ಟು ಕಿವಿಗೊಟ್ಟು ಕೇಳಿದ ಇನ್ನೊಂದು ಸಂದರ್ಭ ಸಿಗುವುದು ಕಷ್ಟ.

ವೇದಿಕೆಯ ಮೇಲೆ ಹೆಸರು ಮಾಡಿದವರ ಕತೆ ಬೇರೆ. ದಿ ಹೂ ತಂಡದ ಜಾನ್ ಎಂಟ್‌ವಿಸಲ್ 1965ರ 'ಮೈ ಜನರೇಷನ್' ಹಾಡಿನಲ್ಲಿ, ಗಿಟಾರ್ ಇರಬೇಕಾದ ಜಾಗದಲ್ಲಿ ಬೇಸ್‌ನಿಂದ ಏಕವಾದನ ಮಾಡಿದರು. ಲ್ಯಾರಿ ಗ್ರೇಹಮ್ ಅವರ ಶೈಲಿ ಹುಟ್ಟಿದ್ದು ಕೊರತೆಯಿಂದ: ತಾಯಿಯ ಜೊತೆ ಕಛೇರಿ ಮಾಡುತ್ತಿದ್ದ ದಿನಗಳಲ್ಲಿ ಡ್ರಮ್ಸ್ ನುಡಿಸುವವರಿಲ್ಲದ್ದರಿಂದ ತಂತಿಯನ್ನು ಹೆಬ್ಬೆರಳಿನಿಂದ ಬಡಿದು, ಬೆರಳಿನಿಂದ ಸೆಳೆದು ತಾಳವನ್ನೂ ತಾವೇ ತುಂಬಿದರು. ಮುಂದೆ ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್ ತಂಡದಲ್ಲಿ ಅದು ಫಂಕ್ ಸಂಗೀತದ ಗುರುತಾಯಿತು. ಸ್ಲ್ಯಾಪ್ ಎಂದು ಕರೆಯುವ ಈ ಶೈಲಿ ಇಂದು ಪ್ರತಿ ಬೇಸ್ ವಿದ್ಯಾರ್ಥಿಗೂ ಗೊತ್ತು.

ಅಭಿಮಾನಿಗಳನ್ನು ಸ್ಪಷ್ಟವಾಗಿ ಎರಡು ಪಂಗಡ ಮಾಡಿದವರು ಜಾಕೊ ಪಾಸ್ಟೋರಿಯಸ್. ಪ್ರಿಸಿಷನ್ ಬೇಸ್ ಬಂದ 1951ರಲ್ಲೇ ಹುಟ್ಟಿ ಫ್ಲಾರಿಡಾದಲ್ಲಿ ಬೆಳೆದ ಜಾಕೊ, ಫ್ರೆಟ್ ತೆಗೆದ ತಮ್ಮ 1962ರ ಫೆಂಡರ್ ಜಾಝ್ ಬೇಸ್‌ನ ಪಟ್ಟಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ, ಹಾಡುವ ಕಂಠಕ್ಕೆ ಹತ್ತಿರವಾದ ಅದರ ನಾದ 1976ರ ಮೊದಲ ಆಲ್ಬಮ್ಮಿನಲ್ಲಿ, ಮರುವರ್ಷ ವೆದರ್ ರಿಪೋರ್ಟ್ ತಂಡದ 'ಹೆವಿ ವೆದರ್'ನಲ್ಲಿ ಕೇಳಿಬಂತು. ಜಗತ್ತಿನ ಅತಿ ದೊಡ್ಡ ಬೇಸ್ ವಾದಕ ನಾನೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಬಹಳ ಜನ ನಂಬಿದರು ಕೂಡ. ಒಪ್ಪದವರ ವಾದ ಕನ್ನಡದ ಸಂಗೀತ ರಸಿಕರಿಗೆ ಅಪರಿಚಿತವಲ್ಲ: ಮೃದಂಗದವರ ಹಿರಿಮೆಯನ್ನು ತನಿ ಆವರ್ತನದಲ್ಲಿ ಅಳೆಯಬೇಕೋ ಕೃತಿಗೆ ನುಡಿಸುವಾಗ ಅಳೆಯಬೇಕೋ ಎಂಬುದೇ ಇಲ್ಲಿಯೂ ಪ್ರಶ್ನೆ. ಜಾಕೊ ಅವರ ಆ ವಾದ್ಯ 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಳುವಾಯಿತು. 1987ರಲ್ಲಿ ಕ್ಲಬ್ಬೊಂದರ ಹೊರಗೆ ತಿಂದ ಪೆಟ್ಟಿನಿಂದ ಅವರೂ 35ನೇ ವಯಸ್ಸಿನಲ್ಲಿ ತೀರಿಕೊಂಡರು. ವರ್ಷಗಳ ನಂತರ ಪತ್ತೆಯಾದ ವಾದ್ಯವನ್ನು ಬಿಡಿಸಿಕೊಳ್ಳಲು ಕುಟುಂಬಕ್ಕೆ ನೆರವಾದವರು ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ.

ಆ ಟ್ರುಹಿಯೊ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಜೊತೆ ನುಡಿಸಿದರು. ಅದೇ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ಬಂದಿತ್ತು. ಅದರ ಸ್ಥಾಪಕ, ನಾಯಕ ಸ್ಟೀವ್ ಹ್ಯಾರಿಸ್ ಬೇಸ್ ವಾದಕರೇ. ಮೆಟಲ್ ಅಭಿಮಾನಿಗಳ ದೂರಿನ ಪಟ್ಟಿಯಲ್ಲಿ ಇಂದಿಗೂ ಮೊದಲು ಬರುವುದು ಮೆಟಾಲಿಕಾದ 1988ರ ಆಲ್ಬಮ್ '...ಆಂಡ್ ಜಸ್ಟಿಸ್ ಫಾರ್ ಆಲ್': ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಅದರಲ್ಲಿ ಕೇಳಿಸಿಯೂ ಕೇಳಿಸದಂತಿದೆ.

ಕನ್ನಡದ ಕಿವಿಗೆ ಬೇಸ್ ಹೆಚ್ಚಾಗಿ ಬಿದ್ದದ್ದು ರಾಕ್‌ನಿಂದಲ್ಲ, ಸಿನಿಮಾದಿಂದ. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳಿಗೆ ಸಂಗೀತ ನೀಡಿದ ಇಳಯರಾಜ, ಬೇಸ್‌ಗೆ ಹಾಡಿನ ರಾಗದೊಡನೆ ಮಾತಾಡುವ ಪ್ರತ್ಯೇಕ ಸಾಲನ್ನೇ ಬರೆಯುತ್ತಿದ್ದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ, ಕವಿಗಳ ಹೆಸರಿರುತ್ತಿತ್ತು, ಬೇಸ್ ನುಡಿಸಿದವರದಲ್ಲ. ಹಾಗಾಗಿ ಹಾಡುಗಳ ಮೇಲೆ ಮುಗಿಯದ ಚರ್ಚೆ ಮಾಡುವ ಅಭಿಮಾನಿಗಳು ಇಲ್ಲಿ ಬೇಸ್ ವಾದಕರ ಮೇಲೆ ವಾದಕ್ಕಿಳಿದದ್ದು ಕಡಿಮೆ.

ಪಶ್ಚಿಮದಲ್ಲಿ ಈ ವಾದಕ್ಕೆ ಪತ್ರಿಕೆಗಳು ಮತದಾನದ ರೂಪ ಕೊಟ್ಟವು. 'ರೋಲಿಂಗ್ ಸ್ಟೋನ್' 2011ರಲ್ಲಿ ಓದುಗರನ್ನು ಕೇಳಿದಾಗ ಎಂಟ್‌ವಿಸಲ್ ಮೊದಲಿಗರಾದರು. ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ ಎರಡನೆಯವರು, ಮೆಕಾರ್ಟ್ನಿ ಮೂರನೆಯವರು. ಜೇಮರ್ಸನ್ ಮೊದಲ ಹತ್ತರಲ್ಲೂ ಇರಲಿಲ್ಲ. ಅದೇ ಪತ್ರಿಕೆ 2020ರಲ್ಲಿ ತನ್ನ ಬರಹಗಾರರಿಂದ 50 ಜನರ ಪಟ್ಟಿ ಮಾಡಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ಜೇಮರ್ಸನ್‌ಗೆ. ಓದುಗರು ವೇದಿಕೆಯ ಮೇಲೆ ಕಂಡವರನ್ನು ಆರಿಸಿದರು, ಬರಹಗಾರರು ಸ್ಟುಡಿಯೊದೊಳಗಿನ ಕೆಲಸವನ್ನು ಆರಿಸಿದರು. ಎರಡನೆಯ ಸ್ಥಾನಕ್ಕೆ ಬಂದ ಚಾರ್ಲ್ಸ್ ಮಿಂಗಸ್ ನುಡಿಸುತ್ತಿದ್ದುದು ಡಬಲ್ ಬೇಸ್. ಡಬಲ್ ಬೇಸ್‌ನವರನ್ನೂ ಬೇಸ್ ಗಿಟಾರ್‌ನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೇ ಎಂಬ ತಕರಾರಂತೂ ಇನ್ನೂ ಬಗೆಹರಿದಿಲ್ಲ.