ತುರ್ಕಿ ಭಾಷೆಗಳಲ್ಲಿ ಅಶ್ವಾರೋಹಣದ ಶಬ್ದಗಳು

ಮಂಗೋಲಿಯಾ ದೇಶದ ಓರ್ಖೋನ್ ನದಿಯ ಬಯಲಿನಲ್ಲಿರುವ ಕ್ಯುಲ್ ತೆಗಿನ್ ರಾಜಕುಮಾರನ ಸ್ಮಾರಕಶಾಸನವು ಕ್ರಿ. ಶ. 732ಕ್ಕೆ ಸೇರಿದುದು. ಅವನು ಯುದ್ಧಗಳಲ್ಲಿ ಏರಿದ ಕುದುರೆಗಳನ್ನು ಅವುಗಳ ಬಣ್ಣಸಹಿತವಾಗಿ ಅದು ಹೇಳುತ್ತದೆ. ಥಾಮ್ಸೆನ್ ಪಂಡಿತನು 1893ರಲ್ಲಿ ಆ ಲಿಪಿಯನ್ನು ಬಿಡಿಸಿದ ಮೇಲೆ, ಕುದುರೆಗೆ ‘ಅತ್’, ಗಂಡುಕುದುರೆಗೆ ‘ಅದ್‌ಗಿರ್’, ಏರುವುದಕ್ಕೆ ‘ಬಿನ್’ ಎಂಬ ಶಬ್ದಗಳು ಎಂಟನೆಯ ಶತಮಾನದಲ್ಲಿಯೇ ಬಳಕೆಯಲ್ಲಿದ್ದುವೆಂದು ತಿಳಿದುಬಂದಿತು. ಇವು ತುರ್ಕಿ ಭಾಷೆಗಳು ಕವಲೊಡೆಯುವುದಕ್ಕೆ ಮೊದಲೇ ಇದ್ದುವೋ, ಅನಂತರ ಒಂದರಿಂದೊಂದಕ್ಕೆ ಹರಡಿದುವೋ ಎಂಬುದು ವಿಚಾರಣೀಯವಾದ ವಿಷಯ.

ಇದಕ್ಕೆ ಧ್ವನಿನಿಯಮವೇ ಪ್ರಮಾಣ. ಕಾಲು ಎಂಬರ್ಥದ ಪ್ರಾಚೀನ ಶಬ್ದ ‘ಅದಕ್’. ಅದು ತುರ್ಕಿಯ ದೇಶದ ಭಾಷೆಯಲ್ಲಿ ‘ಅಯಕ್’, ಸೈಬೀರಿಯದ ಖಕಾಸ್ ಭಾಷೆಯಲ್ಲಿ ‘ಅಜ಼ಖ್’, ಯಾಕೂತ್ ಭಾಷೆಯಲ್ಲಿ ‘ಅತಖ್’ ಎಂದಾಗಿದೆ. ಈ ದಕಾರದ ಭೇದವನ್ನು ಮಹಮೂದ್ ಕಾಷ್ಗರಿಯು 11ನೆಯ ಶತಮಾನದ ತನ್ನ ನಿಘಂಟಿನಲ್ಲಿಯೇ ಗುರುತಿಸಿದ್ದನು. ‘ಅದ್‌ಗಿರ್’ ಶಬ್ದವೂ ಇದೇ ಜಾಡಿನಲ್ಲಿ ಕ್ರಮವಾಗಿ ‘ಅಯ್‌ಗಿರ್’, ‘ಅಸ್ಖಿರ್’, ‘ಅತೀರ್’ ಎಂದು ಮಾರ್ಪಟ್ಟಿದೆ. ಜೀನಿನ ಹೆಸರಾದ ‘ಎದೆರ್’ ಎಂಬುದು ತುರ್ಕಿಯಲ್ಲಿ ‘ಎಯೆರ್’, ಖಕಾಸದಲ್ಲಿ ‘ಇಜ಼ೆರ್’ ಆಗಿದೆ. ಮನುಷ್ಯನ ಕಾಲಿನ ಹೆಸರಿನೊಡನೆಯೇ ನಡೆದುಬಂದ ಈ ಶಬ್ದಗಳನ್ನು ಈಚಿನ ಎರವಲೆಂದು ಹೇಳಲಾಗದು.

ಸವಾರನು ಕಾಲಿಡುವ ರಿಕಾಪಿನ ಹೆಸರು ಇನ್ನೂ ಕುತೂಹಲಕರವಾದುದು. ವೋಲ್ಗಾ ತೀರದ ಚುವಾಷ್ ಭಾಷೆ ಉಳಿದೆಲ್ಲ ತುರ್ಕಿ ಭಾಷೆಗಳಿಗಿಂತ ಮೊದಲು ಬೇರ್ಪಟ್ಟುದು. ಇದು ಕ್ರಿಸ್ತಶಕದ ಆರಂಭದ ಸುಮಾರಿಗೆ ನಡೆದುದೆಂದು ಹಲವು ವಿದ್ವಾಂಸರ ಮತ. ಇತರ ಭಾಷೆಗಳ ಜ಼ಕಾರಕ್ಕೆ ಅಲ್ಲಿ ರೇಫ ಬರುತ್ತದೆ. ಒಂಬತ್ತು ಎಂಬುದಕ್ಕೆ ತುರ್ಕಿಯಲ್ಲಿ ‘ದೊಕುಜ಼್’, ಚುವಾಷಿನಲ್ಲಿ ‘ತಖ್ಖರ್’. ಹಾಗೆಯೇ ರಿಕಾಪಿಗೆ ತುರ್ಕಿಯಲ್ಲಿ ‘ಉಜ಼ೆಂಗಿ’, ಚುವಾಷಿನಲ್ಲಿ ‘ಯರನ’. ಹಾಗಾದರೆ ಈ ಶಬ್ದವು ಆ ಕವಲಿಗಿಂತ ಹಿಂದಿನದಾಗಬೇಕು. ಆದರೆ ಉತ್ತರ ಚೀನದ ಗೋರಿಗಳಲ್ಲಿ ದೊರೆತಿರುವ ಲೋಹದ ರಿಕಾಪುಗಳು 4ನೆಯ ಶತಮಾನದಿಂದೀಚಿನವು. ಮೊದಲು ತೊಗಲಿನ ಅಥವಾ ಹಗ್ಗದ ಕಾಲುಕುಣಿಕೆಗಿದ್ದ ಹೆಸರೇ ಲೋಹದ ರಿಕಾಪಿಗೂ ಸಂದಿರಬಹುದು. ತೊಗಲೂ ಹಗ್ಗವೂ ಮಣ್ಣಿನಲ್ಲಿ ಬಹುಕಾಲ ಉಳಿಯತಕ್ಕವಲ್ಲ.

ಇಷ್ಟರಿಂದ ಕುದುರೆಸವಾರಿಯನ್ನು ತುರ್ಕರೇ ಮೊದಲು ಕಂಡುಹಿಡಿದರೆಂದು ಸಾಧಿಸಿದಂತಾಗುವುದಿಲ್ಲ. ಆ ವಿದ್ಯೆ ಅವರ ಶಾಸನಗಳಿಗಿಂತ ಸಾವಿರ ವರ್ಷಗಳಿಗೂ ಮಿಗಿಲಾಗಿ ಹಳೆಯದು. ಮೂಲಭಾಷೆಯೇ ಈ ಶಬ್ದಗಳಲ್ಲಿ ಕೆಲವನ್ನು ಅನ್ಯರಿಂದ ಪಡೆದಿದ್ದರೂ ಇರಬಹುದು. ತುರ್ಕಿ ಜನಾಂಗಗಳು ಒಂದರಿಂದೊಂದು ಅಗಲುವುದಕ್ಕೆ ಮೊದಲೇ ಕುದುರೆಯ ಮೇಲಿದ್ದರೆಂಬುದು ಮಾತ್ರ ಈ ಶಬ್ದಗಳಿಂದ ಸಿದ್ಧವಾಗುತ್ತದೆ.