ಶೈಶವದ ಆಹಾರ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು

ಮಗುವಿನ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಹೆರಿಗೆಯ ವೇಳೆ ತಾಯಿಯಿಂದಲೂ, ಅನಂತರ ಎದೆಹಾಲು, ಆಹಾರ ಹಾಗೂ ಪರಿಸರದಿಂದಲೂ ಬಂದು ಸೇರುತ್ತವೆ. ಈ ಸಮುದಾಯವು ಸುಮಾರು 3 ವರ್ಷದ ಹೊತ್ತಿಗೆ ವಯಸ್ಕರಲ್ಲಿರುವ ಸ್ವರೂಪಕ್ಕೆ ಸಮೀಪಿಸುತ್ತದೆ. ಆದುದರಿಂದ ಶಾಲೆಯ ಮೆಟ್ಟಿಲು ಹತ್ತುವ ಮೊದಲಿನ ಆಹಾರಕ್ಕೆ ವಿಶೇಷ ಮಹತ್ತ್ವವಿದೆ.

ಎದೆಹಾಲು

ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳಿವೆ. ಅದರ ಘನಾಂಶಗಳಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ಬಳಿಕ ಇವುಗಳದೇ ಸ್ಥಾನ. ಇವು ಬಿಫಿಡೊಬ್ಯಾಕ್ಟೀರಿಯಾಗಳಿಗೆ ಆಹಾರ. ಆ ಬ್ಯಾಕ್ಟೀರಿಯಾಗಳು ಆಮ್ಲಗಳನ್ನು ಉತ್ಪಾದಿಸಿ ರೋಗಕಾರಕಗಳ ಬೆಳವಣಿಗೆಯನ್ನು ತಡೆಯುತ್ತವೆ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಅನಂತರ ಪೂರಕ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಢಾಕಾದ ಪ್ರಯೋಗ

ಅಪೌಷ್ಟಿಕತೆಯುಳ್ಳ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯವು ವಯಸ್ಸಿಗೆ ತಕ್ಕಂತೆ ಪಕ್ವವಾಗಿರುವುದಿಲ್ಲವೆಂದು ಜೆಫ್ರಿ ಗಾರ್ಡನ್, ತಹಮೀದ್ ಅಹ್ಮದ್ ಮತ್ತು ಸಂಗಡಿಗರು ಬಾಂಗ್ಲಾದೇಶದಲ್ಲಿ ನಡೆಸಿದ ಅಧ್ಯಯನವು 2014ರಲ್ಲಿ ತೋರಿಸಿತು. ಬಳಿಕ ಢಾಕಾದ ಮೀರ್‌ಪುರದಲ್ಲಿ 12ರಿಂದ 18 ತಿಂಗಳ ವಯಸ್ಸಿನ ಮಕ್ಕಳಿಗೆ ಕಡಲೆಹಿಟ್ಟು, ಸೋಯಾ, ನೆಲಗಡಲೆ ಮತ್ತು ಬಾಳೆಕಾಯಿಯ ಮಿಶ್ರಣವನ್ನು 3 ತಿಂಗಳು ನೀಡಲಾಯಿತು. ರೂಢಿಯಲ್ಲಿದ್ದ ಸಿದ್ಧ ಪೂರಕಾಹಾರಕ್ಕಿಂತ ಕ್ಯಾಲೊರಿ ಕಡಿಮೆಯಿದ್ದರೂ, ಎತ್ತರಕ್ಕೆ ತಕ್ಕ ತೂಕದ ಏರಿಕೆ ಈ ಮಿಶ್ರಣ ಪಡೆದ ಮಕ್ಕಳಲ್ಲೇ ಉತ್ತಮವಾಗಿತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ತಿಳಿಯುವುದು ಇಷ್ಟು: ಹೊಟ್ಟೆ ತುಂಬಿದರೆ ಸಾಲದು, ಬ್ಯಾಕ್ಟೀರಿಯಾಗಳಿಗೂ ತಕ್ಕ ಆಹಾರ ಬೇಕು.

ನಮ್ಮ ಅಡುಗೆಮನೆ

ಈ ಪದಾರ್ಥಗಳಲ್ಲಿ ಹೆಚ್ಚಿನವು ನಮಗೆ ಅಪರಿಚಿತವಲ್ಲ. ಕಾಸರಗೋಡಿನ ರಾಗಿಮಣ್ಣಿ, ಕೇರಳದ ಬಾಳೆಕಾಯಿ ಪುಡಿ, ಹೊಸೂರು-ತಾಳವಾಡಿ ಕಡೆಯ ರಾಗಿಸರಿ ನಮ್ಮ ಪರಂಪರೆಯವು. ಇವುಗಳೊಡನೆ ಬೇಳೆ, ತರಕಾರಿ, ಹಣ್ಣು, ಮೊಟ್ಟೆಯೂ ಸೇರಬೇಕು. ಆದರೆ ಢಾಕಾದ ಮಿಶ್ರಣವು ಅಳೆದು ಸಿದ್ಧಪಡಿಸಿದ್ದು, ವಿಟಮಿನ್-ಖನಿಜಗಳನ್ನು ಸೇರಿಸಿದ್ದು. ಮನೆಯ ಹಿಟ್ಟನ್ನು ಅದಕ್ಕೆ ಸಮವೆಂದು ಎಣಿಸಲಾಗದು.

ಎಚ್ಚರಿಕೆಗಳು

• 1 ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರಲೂಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.
• ಆಂಟಿಬಯೊಟಿಕ್‌ಗಳು ಹಿತಕರ ಬ್ಯಾಕ್ಟೀರಿಯಾಗಳನ್ನೂ ನಾಶಮಾಡುತ್ತವೆ. ವೈದ್ಯರ ಸಲಹೆಯಿಲ್ಲದೆ ಅವನ್ನು ಕೊಡಬಾರದು.
• 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಮೇಲ್ದೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಂತಹ ಮಗುವಿಗೆ ಮನೆಮದ್ದು ಸಲ್ಲದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ನೋಡಿಸುವುದನ್ನು ನಾವು ತಪ್ಪಿಸದಿರೋಣ.