ಕರಲು ಮಣ್ಣಿನ ಮಾಳಿಗೆ

ನಾಸಿಕ್ ಜಿಲ್ಲೆಯ ಚಾಂದವಡ್ ಎಂದರೆ ಹೆಚ್ಚಿನವರಿಗೆ ಮುಂಬೈ–ಆಗ್ರಾ ಹೆದ್ದಾರಿಯ ಊರು, ಬಹಳವಾದರೆ ಅಹಲ್ಯಾಬಾಯಿ ಹೋಳ್ಕರರ ರಂಗಮಹಲ್. ಸೇವುಣ ಅರಸುಮನೆತನದ ಮೂಲಪುರುಷ ದೃಢಪ್ರಹಾರ 9ನೇ ಶತಮಾನದಲ್ಲಿ ಆಳಿದ ಚಂದ್ರಾದಿತ್ಯಪುರ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆಗ ಸೇವುಣರಿಗೆ ಮಾನ್ಯಖೇಟದ ರಾಷ್ಟ್ರಕೂಟರೇ ಒಡೆಯರು. ಮುಂದೆ ಸೇವುಣರ ಶಾಸನಗಳು ಕನ್ನಡದಲ್ಲಿ ನೂರಾರು ಬಂದವು. ಅರಸರ ನಂಟು ಹಾಗಿರಲಿ, ನನಗೆ ಹತ್ತಿರವೆನಿಸುವುದು ಅಲ್ಲಿನ ಹಳೆಯ ಮನೆಗಳ ತಲೆಯ ಮೇಲಿನ ಮಣ್ಣು.

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರು ನಂಬಲಿಕ್ಕಿಲ್ಲ: ವಿಜಯಪುರ, ಕಲಬುರಗಿಯಿಂದ ಗೋದಾವರಿ ದಾಟುವವರೆಗೂ ಹಳೆಯ ಮನೆಗಳಿಗೆ ಮಣ್ಣಿನದೇ ಚಪ್ಪಟೆ ಮಾಳಿಗೆ. ನಮಗೆ ಅದು ಮೇಲ್ಮುದ್ದೆ, ಮರಾಠಿಯವರಿಗೆ ಧಾಬೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ದಪ್ಪನೆಯ ಮಣ್ಣು. ಕೊನೆಯ ಪದರಕ್ಕೆ ಮಾತ್ರ ಪೈರು ಏಳದ ಕರಲು ಮಣ್ಣೇ ಆಗಬೇಕು. ಅದರ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಮಳೆ ಬಿದ್ದೊಡನೆ ಅವು ಸಂದುಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಹೊಲ ಕೆಡಿಸಿದ ಮಣ್ಣು ಮನೆ ಕಾಯುತ್ತದೆ! ಆದರೆ ಮಿರಗದ (ಮೃಗಶಿರ) ಮಳೆಗೆ ಮೊದಲು ಮೇಲೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ತುಳಿಯಲೇಬೇಕು. ಒಂದು ವರ್ಷ ತಪ್ಪಿತೋ, ಮನೆ ತುಂಬ ಕೊಡ, ಪರಾತ, ಬೋಗುಣಿ.

ಕಟ್ಟುವ ಮಣ್ಣಿಗೆ ಬೇರೆ ವಸ್ತು ಬೆರೆಸುವುದೂ ಹೊಸದಲ್ಲ. ಎಲ್ಲೋರ ಗುಹೆಗಳ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ನಾರು ಇರುವುದನ್ನು 2016ರಲ್ಲಿ ತಜ್ಞರು ಪ್ರಕಟಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ಮನೆ ಕಟ್ಟುವ ಮಣ್ಣನ್ನು ಪ್ರಯೋಗಾಲಯಕ್ಕೆ ತಂದಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಶೇ. 6–8 ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರು. ಗೂಡು ಬೇಡ, ಸೌದೆ ಬೇಡ. ಮೂರ್ನಾಲ್ಕು ವಾರ ನೀರುಣಿಸಿದರಾಯಿತು. ಅಂಥದೊಂದು ಯಂತ್ರದ ಹೆಸರು ‘ಮರ್ದಿನಿ’. ಮಹಿಷನಿಲ್ಲ, ಮಣ್ಣಷ್ಟೇ.

ಬೆಂಗಳೂರು ಕಡೆಯ ಮರಳುಮಿಶ್ರಿತ ಕೆಮ್ಮಣ್ಣಿಗೆ ಸಿಮೆಂಟ್ ಒಗ್ಗಿತು. ಚಾಂದವಡ್‌ನಿಂದ ಕಲಬುರಗಿವರೆಗಿನ ಎರೆಮಣ್ಣಿನ ಸ್ವಭಾವವೇ ಬೇರೆ: ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದಕ್ಕೆ ಸುಣ್ಣ ಬೇಕು, ಹೊರಗಿನ ಮರಳು ಬೇಕು. ಹಳಬರು ಆ ಗೋಜಿಗೇ ಹೋಗದೆ, ಗೋಡೆಗೆ ಹಾಳೂರ ದಿಬ್ಬದ ಬಿಳಿಮಣ್ಣು ಹೊತ್ತು ತಂದರು.

ಊರಲ್ಲಿ ಮಣ್ಣಿನ ಮನೆ ಕಟ್ಟಿಸುವ ಆಸೆಯಿದ್ದರೆ, ನಕ್ಷೆಗೆ ಮೊದಲು ಅಲ್ಲಿರುವ ಅಣ್ಣನಿಗೋ ತಮ್ಮನಿಗೋ ಫೋನ್ ಮಾಡಿ. ಗಾಜಿನ ಸೀಸೆಯಲ್ಲಿ ನಿವೇಶನದ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಡಲಿ. ಬೆಳಗ್ಗೆ ತಳದ ಮರಳು ಮೂರರಲ್ಲಿ ಎರಡು ಪಾಲಿದ್ದರೆ, ಮರ್ದಿನಿ ಎಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ವಿಚಾರಿಸಬಹುದು.